ಮೂರೂವರೆ

ರಾತ್ರಿ ಹನ್ನೊಂದಕ್ಕೆ ಡೆಸ್ಕಿನಿಂದ ಶಾಕಿರಾ:
"ಕಾಪಿ ಆಮೇಲೆ ಕಳಿಸು, ಪರವಾಗಿಲ್ಲ,
ಮೊದಲು ಸ್ಟಾರ್ ಎಷ್ಟು ಹೇಳು.
ಪುಟದಲ್ಲಿ ಜಾಗ ಬಿಟ್ಟು ಕೂತಿದ್ದೇನೆ."

ಐದು ಖಾಲಿ ನಕ್ಷತ್ರ, ಸಾಲಾಗಿ,
ಪಂಕ್ತಿಯಲ್ಲಿ ಹಾಸಿಟ್ಟ ಎಲೆಗಳ ಹಾಗೆ.
ಎಷ್ಟನೆಯದರ ತನಕ ಬಡಿಸಲಿ?

ಹನುಮಂತನಗರ. ಏಳೂವರೆಯ ನಾಟಕ
ಏಳೂ ಮುಕ್ಕಾಲಿಗೆ ಮೂರನೇ ಗಂಟೆ.
ಅರ್ಧ ತುಂಬಿದ ಸಭಾಂಗಣ; ಮುಂದೆ ನಟರ ನೆಂಟರು,
ನನ್ನ ಹಿಂದೆ ಏಸಿಯ ಚಳಿಗೆ ಸೆರಗು ಹೊದ್ದ ಒಬ್ಬ ಅಜ್ಜಿ.
ಮೂವರು ಅಣ್ಣತಮ್ಮಂದಿರು, ಒಂದು ಮನೆ, ಪಾಲಿನ ಜಗಳ.
ನಾಯಕನಿಗೆ ಒಳ್ಳೆಯ ಕಂಠ. ಅದು ಅವನಿಗೂ ಗೊತ್ತು.
ಬೆಳಕು ಮಾತ್ರ ಎಲ್ಲರಿಗಿಂತ ಎರಡು ಹೆಜ್ಜೆ ಹಿಂದೆ.

ಆಳಿನ ಪಾತ್ರಕ್ಕೆ ಪಿಳ್ಳಪ್ಪ.
ಹಗಲು ಜಲಮಂಡಳಿಯಲ್ಲಿ ಮೀಟರ್ ಓದುವವನು,
ನಾಯಿ ಬೊಗಳುವ ಗೇಟುಗಳ ಒಳಗೆ ಬಗ್ಗಿ
ಅಂಕಿ ಬರೆದುಕೊಂಡು ಹೋಗುವವನು.
ಇಡೀ ನಾಟಕಕ್ಕೆ ಅವನ ಮಾತು ನಾಲ್ಕು.
ಎರಡನೇ ಅಂಕದಲ್ಲಿ ಹಿತ್ತಾಳೆ ಚೊಂಬು ತಂದಿಡಬೇಕು,
ಹೋಗಬೇಕು. ಅಷ್ಟೇ.

ಇಟ್ಟ. ಚೊಂಬು ಉರುಳಿತು.
ಆ ಹಲಗೆಗೆ ಇಳಿಜಾರು ಇರುವುದು
ಚೊಂಬಿಗೆ ಮಾತ್ರ ಗೊತ್ತಿತ್ತೇನೋ.
ಗಡಗಡ ಗಡಗಡ, ಅಣ್ಣತಮ್ಮಂದಿರ ಕಾಲುಗಳ ನಡುವೆ
ರಂಗದ ಅಂಚಿನ ತನಕ.
ನಾಯಕ ಮಾತು ನುಂಗಿದ.
ಪಕ್ಕದ ಪರದೆಯ ಹಿಂದೆ ಯಾರೋ "ಅಯ್ಯಯ್ಯೋ" ಅಂದರು.
ಪಿಳ್ಳಪ್ಪ ಓಡಲಿಲ್ಲ.
ನಡೆದ. ಮಂಡಿಯೂರಿದ.
ಬಿದ್ದ ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು,
ಧಣಿಗಳ ಕಡೆ ನೋಡದೆ, ಚೊಂಬಿಗೇ ಹೇಳುವಂತೆ:
"ನಿನಗೂ ಗೊತ್ತಾಯ್ತಾ, ಈ ಮನೆ ನಿಲ್ಲಲ್ಲ ಅಂತ?"

ಬರೆದದ್ದರಲ್ಲಿ ಇಲ್ಲದ ಐದನೇ ಮಾತು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ನನ್ನ ಹಿಂದೆ ಅಜ್ಜಿಯ ಬಳೆ ಸದ್ದಾಯಿತು,
ಸೆರಗು ಬಾಯಿಗೆ ಹೋಗಿರಬೇಕು.

ಆಟೋದವನು ರಾಜಾಜಿನಗರದಲ್ಲಿ ಇಳಿಸಿ,
"ಮೇಡಂ, ಫೈವ್ ಸ್ಟಾರ್ ಒತ್ಬಿಡಿ,
ಕಮ್ಮಿ ಆದ್ರೆ ಡ್ಯೂಟಿ ಬೀಳಲ್ಲ."
ಚಾಮರಾಜಪೇಟೆಯ ಒಂದು ಗುಂಡಿಯನ್ನೂ ಬಿಡದೆ ಹಾರಿಸಿದವನಿಗೆ
ಅಲ್ಲೇ ನಿಂತು ಐದಕ್ಕೆ ಐದು ಒತ್ತಿದೆ.

ಮನೆಗೆ ಬಂದು ಕೈ ಬಿಗಿಯಾಯಿತು.
ಮೂರು ಅಂದರೆ ಅವರಿಗೆ ಬೇಜಾರು.
ನಾಲ್ಕು ಅಂದರೆ ಶಾಕಿರಾ ಕೇಳುತ್ತಾಳೆ, "ಏನು, ನೆಂಟರಾ?"
ಮೂರೂವರೆ:
ಬಾಡಿಗೆದಾರನೂ ಮನೆ ಓನರೂ
ಕೊನೆಗೆ ತಲೆ ಆಡಿಸುವಂಥ ಅಂಕಿ.
ಅರ್ಧ ಕತ್ತರಿಸಿದ ಮೇಲೆ ಕಾರಣ ಬೇಕಲ್ಲ?
ಇನ್ನೂರೈವತ್ತು ಪದದ ಬಾಲಕ್ಕೆ ಸೇರಿಸಿದೆ:
'ಪರಿಕರಗಳ ನಿರ್ವಹಣೆಯಲ್ಲಿ ಇನ್ನಷ್ಟು ಎಚ್ಚರ ಬೇಕಿತ್ತು.'
ಆ ಐದನೇ ಮಾತಿಗೆ ಜಾಗ ಸಾಲಲಿಲ್ಲ.
ಸಾಲಲಿಲ್ಲ ಅಂತ ಈಗ ಹೇಳುತ್ತಿದ್ದೇನೆ.

ಭಾನುವಾರ ದುಡ್ಡು ಕೊಟ್ಟು ಹೋದೆ.
ಬಾಗಿಲಲ್ಲಿ ಪೋಸ್ಟರು, ಅದರ ಮೇಲೆ ನನ್ನ ನಕ್ಷತ್ರಗಳು;
ಅರ್ಧವಿದ್ದದ್ದಕ್ಕೆ ಯಾರೋ ಹುಡುಗರು
ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿ
ಪೂರ್ತಿ ಮಾಡಿದ್ದರು.
ನಗು ಬಂತು. ಒಳಗೆ ಕುರ್ಚಿ ಸಿಗುವುದೇ ಕಷ್ಟ.
ಎಂಟನೇ ಸಾಲು, ಕಂಬದ ಪಕ್ಕ.

ಎರಡನೇ ಅಂಕ. ಪಿಳ್ಳಪ್ಪ ಚೊಂಬು ಇಟ್ಟ.
ನಿಂತಿತು.
ಅವನೂ ಒಂದು ಕ್ಷಣ ನಿಂತು ಅದನ್ನೇ ನೋಡಿದ,
ಕರೆದರೂ ಬಾರದ ಹಸುವನ್ನು ನೋಡುವ ಹಾಗೆ.
ಆಮೇಲೆ ಹೋದ.
ಹಿರಿ ಸೊಸೆ ಬಂದು ಅದನ್ನು ಎತ್ತುವಾಗ
ಅಡಿಯಿಂದ ಪರ್ರ್ ಅಂತ
ಟೇಪು ಕಿತ್ತ ಸದ್ದು.

ನಾಟಕ ಮುಗಿದು ಮೆಟ್ಟಿಲ ಹತ್ತಿರ ಸಿಕ್ಕ,
ಕೈಯಲ್ಲಿ ಟೀ, ಕಿವಿಯ ಹಿಂದೆ ಇನ್ನೂ ಬಣ್ಣ.
ಗುರುತು ಹಿಡಿದ. ಲೋಟ ಕಟ್ಟೆಯ ಮೇಲಿಟ್ಟು
ಎರಡೂ ಕೈ ಜೋಡಿಸಿದ:
"ನೀವು ಬರ್ದಿದ್ ನೋಡಿ ಚೊಂಬು ಸರಿ ಮಾಡ್ಕೊಂಡ್ವಿ, ಮೇಡಂ."